ಎಮ್ಮಿ ಮುಳುಗಿದ ಹೊಲ

ನಮ್ಮೂರಿನ ಭೂಗೋಳ ಕಲಿಯಲು ಯಾರೂ ಶಾಲೆಗೆ ಹೋಗಬೇಕಾಗಿಲ್ಲ. ನಸುಕಿನಲ್ಲಿ ಎದ್ದು ಕೆರೆ ಏರಿಯ ಕೆಳಗೆ ನಿಂತು ನನ್ನ ಬಾಯಿ ಕೇಳಿದರೆ ಸಾಕು. ಚರಿತ್ರೆಯೂ ಅದರಲ್ಲೇ ಬಂತು. ನನ್ನ ಹೆಸರು ಫಕೀರವ್ವ. ಪುರಸಭೆಯಲ್ಲಿ ಊರು ಹೇಳುವ ಕೆಲಸ. ನನಗಿಂತ ಮೊದಲು ನಮ್ಮವ್ವ ಹೇಳುತ್ತಿದ್ದಳು, ಅವಳಿಗಿಂತ ಮೊದಲು ಅವಳ ಅವ್ವ. ಅಂಗೈಯ ಗೆರೆ ಕಾಣುವಷ್ಟು ಬೆಳಕಾದ ಕೂಡಲೇ ಏರಿಯ ಮೇಲೆ ನಿಂತು ಶುರು ಮಾಡಬೇಕು, ಪುರಸಭೆಯ ನೀರಿನ ಟಾಕಿಯ ನೆತ್ತಿಗೆ ಬಿಸಿಲು ತಾಗುವುದರೊಳಗೆ ಮುಗಿಸಬೇಕು. ಸ್ಮಶಾನದಿಂದ ಹಿಡಿದು ಊರನ್ನು ಬಲಕ್ಕೆ ಸುತ್ತುತ್ತ ಹೊಲ, ಬದು, ಹಳ್ಳ, ಓಣಿ, ಬಾವಿ ಒಂದೊಂದನ್ನೂ ಹೆಸರು ಹಿಡಿದು ಕರೆಯಬೇಕು. ಕರೆದದ್ದು ಉಳಿಯುತ್ತದೆ. ಕರೆಯದೆ ಬಿಟ್ಟದ್ದು ಸಂಜೆಯೊಳಗೆ ಸವಳಾಗುತ್ತದೆ. ನೆಲ ಉಪ್ಪು ಉಗುಳಿ ಬೆಳ್ಳಗಾಗುತ್ತದೆ, ಬಾವಿಯ ನೀರು ಬಾಯಿಗಿಡಲು ಬರುವುದಿಲ್ಲ, ಬೇವಿನ ಮರ ಕೂಡ ನಿಂತಲ್ಲೇ ಒಣಗುತ್ತದೆ. ಒಮ್ಮೆ ಬೆಳ್ಳಗಾದ ನೆಲವನ್ನು ಆಮೇಲೆ ಗಂಟಲು ಹರಿಯುವಂತೆ ಕರೆದರೂ ಅದು ತಿರುಗಿ ಬಂದದ್ದಿಲ್ಲ.

ಹೊಸದಾಗಿ ಬಂದ ಮುಖ್ಯಾಧಿಕಾರಿಗಳೆಲ್ಲ ಮೊದಲು ನಗುತ್ತಾರೆ, ಆಮೇಲೆ ಸವಳು ನೋಡಿ ಬಂದು, ಇಬ್ಬರು ಹಂಚಿಕೊಂಡು ಹೇಳಿದರೆ ಆಗುವುದಿಲ್ಲವೇ ಎಂದು ಕೇಳುತ್ತಾರೆ. ನಮ್ಮವ್ವನ ಕಾಲದಲ್ಲಿ ಅದನ್ನೂ ಮಾಡಿ ನೋಡಿದ್ದಾರೆ. ಒಬ್ಬಳ ಬಾಯಿ ಮುಗಿದು ಇನ್ನೊಬ್ಬಳದು ಶುರುವಾಗುವ ಜಾಗದಲ್ಲಿ ಕುಂಬಾರ ಓಣಿಗೆ ಓಣಿಯೇ ಹೋಯಿತು. ಟೇಪ್ ರೆಕಾರ್ಡರಿನಲ್ಲಿ ಹಾಕಿಸಿದ ಒಬ್ಬ ಜಾಣನೂ ಇದ್ದ. ಅವನ ಹೆಸರಿನಲ್ಲಿ ಈಗ ತೆಂಕಣ ದಿಕ್ಕಿಗೆ ಒಂದು ಬಯಲಿದೆ, ಅಲ್ಲಿ ಮೇಯಲು ಕತ್ತೆಯೂ ಹೋಗುವುದಿಲ್ಲ. ನಾಲಿಗೆ ಒಂದೇ ಇರಬೇಕು, ಜೀವ ಇರುವ ನಾಲಿಗೆಯಾಗಿರಬೇಕು. ಅವ್ವ ನನಗೆ ಕಲಿಸುವಾಗ ಇನ್ನೊಂದು ಮಾತು ಹೇಳಿದ್ದಳು. "ಇದ್ದದ್ದನ್ನ ಅಷ್ಟ ಹೇಳಬೇಕು. ಇಲ್ಲದ್ದನ್ನ ಬಾಯಾಗ ತರಬ್ಯಾಡ." ಹೊತ್ತು ಸಾಲುವುದಿಲ್ಲವಲ್ಲ, ಅದಕ್ಕೆ ಹೇಳಿದಳೆಂದು ತಿಳಿದಿದ್ದೆ. ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಅವಳಿಗೂ ಗೊತ್ತಿರುತ್ತಿತ್ತೋ ಇಲ್ಲವೋ.

ಹೆಸರುಗಳು ಹೇಗಿವೆ ಅಂತೀರಿ! ಗಿರಣಿ ಸುಟ್ಟ ಜಾಗ. ಅತ್ತಿ ಸೊಸಿ ಬದು. ಸಾಹೇಬ ಬಿದ್ದ ಬಾವಿ. ಬರದಾಗ ಮಾರಿದ ಮಡಿ. ಒಂದೊಂದು ಹೆಸರಿನ ಹಿಂದೆ ಒಬ್ಬರ ಅಳುವೋ ನಗೆಯೋ ಇರುತ್ತದೆ. ಅತ್ತಿ ಸೊಸಿ ಬದು ದಾಟಿದ ಕೂಡಲೇ ಎಮ್ಮಿ ಮುಳುಗಿದ ಹೊಲ. ಅದು ನನ್ನ ತಂಗಿ ಹಾಲವ್ವನದು. ಒಂದು ದೊಡ್ಡ ಮಳೆಯ ವರ್ಷ ಆ ಕರಿಮಣ್ಣಿನಲ್ಲಿ ಎಮ್ಮೆಯೊಂದು ಹೂತುಹೋಗಿ, ಕೋಡು ಹಿಡಿದು ಎಳೆದವರ ಕೈಗೆ ಕೋಡಷ್ಟೇ ಬಂದಿತ್ತಂತೆ. ಹಾಲವ್ವನ ಅತ್ತೆ ಕಾಳವ್ವ ಆಗಿನ್ನೂ ಹೊಸ ಮದುಮಗಳು. ಎಮ್ಮೆ ಅವಳ ತವರಿನಿಂದ ಬಂದದ್ದು. "ನನ್ನ ಎಮ್ಮಿ ತಿಂದ ಹೊಲ ಇದು, ನನ್ನನ್ನೂ ತಿಂತೇತಿ" ಎಂದು ಕಾಳವ್ವ ಹೇಳಿ ಹೇಳಿ ನಗುತ್ತಿದ್ದಳು. ಮಗ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಅತ್ತೆ ಸೊಸೆ ಇಬ್ಬರೇ. ಮಕ್ಕಳಿಲ್ಲ. ಇಬ್ಬರೂ ವಿಧವೆಯರು, ಇಬ್ಬರದೂ ಒಂದೇ ಹೊಲ, ಇಬ್ಬರ ಜಗಳ ಊರಿಗೆಲ್ಲ ಕೇಳುವಂಥದು. ಹೊಲದಲ್ಲಿ ಬಿಳಿಜೋಳ ಬೆಳೆಯುತ್ತಿದ್ದರು, ಸಾಲಿನ ನಡುವೆ ಕುಸುಬೆ. ಅದೇ ಅವರ ಅನ್ನ.

ಊರು ಬೆಳೆಯುತ್ತದೆ, ಬೆಳಗು ಬೆಳೆಯುವುದಿಲ್ಲ. ನಮ್ಮ ಕಷ್ಟ ಇಷ್ಟೇ. ಹೊಸ ಬಸ್‌ಸ್ಟ್ಯಾಂಡ್ ಆದರೆ ಅದನ್ನು ಕರೆಯಬೇಕು, ಸಂತೆ ಮಾಳಕ್ಕೆ ಕಟ್ಟೆ ಕಟ್ಟಿಸಿದರೆ ಅದನ್ನೂ ಕರೆಯಬೇಕು. ಎಷ್ಟು ಅವಸರ ಮಾಡಿದರೂ ನನ್ನ ನಾಲಿಗೆಗೂ ಒಂದು ಮಿತಿಯಿದೆ. ಹೀಗಾಗಿ ಹೊಸದೊಂದು ಸೇರಿದಾಗ ಹಳೆಯದೊಂದನ್ನು ಬಿಡಬೇಕು. ಯಾವುದನ್ನು ಬಿಡಬೇಕೆಂದು ಪುರಸಭೆ ಸಭೆ ಸೇರಿ ತೀರ್ಮಾನಿಸುತ್ತದೆ. ಅಧ್ಯಕ್ಷರಾದ ಅಂದಾನಗೌಡರ ಕಬ್ಬಿನ ತೋಟ ನನ್ನ ಸುತ್ತಿನಲ್ಲಿ ಕಟ್ಟಕಡೆಯದು. ಅದನ್ನು ಬಿಡುವ ಮಾತು ಒಂದು ಸಭೆಯಲ್ಲೂ ಬಂದದ್ದನ್ನು ನಾನು ಕೇಳಿಲ್ಲ. ಬಿಟ್ಟದ್ದೆಲ್ಲ ಇಲ್ಲದವರದೇ.

ಈ ವರ್ಷ ಗೌಡರು ಊರ ಹೊರಗೆ ನಿವೇಶನ ಮಾಡಿಸಿ ಬಡಾವಣೆ ಎಬ್ಬಿಸಿದರು. ಅಡ್ಡರಸ್ತೆಗಳೇ ಅಷ್ಟೊಂದು. ಅದನ್ನು ಕರೆಯುವುದಾದರೆ ಏನನ್ನು ಬಿಡುವುದು ಎಂಬ ಸಭೆಗೆ ನನ್ನನ್ನೂ ಕರೆಸಿದರು. ನಾನು ಬಾಗಿಲಲ್ಲೇ ನಿಂತೆ, ಕುರ್ಚಿ ಕೊಡುವ ಪದ್ಧತಿಯಿಲ್ಲ.

"ಎಮ್ಮಿ ಮುಳುಗಿದ ಹೊಲ ಬಿಡೋಣ," ಎಂದರು ಗೌಡರು, ಚಹಾದ ಕಪ್ಪು ಕೆಳಗಿಡುತ್ತ. "ಮುಂದ ನೋಡಾಕ ಮಕ್ಕಳಿಲ್ಲ ಮರಿಯಿಲ್ಲ. ಇಬ್ರು ಹೆಣ್ಣಮಕ್ಕಳು, ಎಲ್ಲಿ ಇದ್ರೂ ಹೊಟ್ಟಿ ತುಂಬತೇತಿ."

ನಾನು ಹೊಸಿಲು ದಾಟಿ ಒಳಗೆ ಹೋದೆ. "ಎಲ್ಲಿ ತುಂಬತೇತ್ರೀ ಗೌಡ್ರ? ನಿಮ್ಮ ಅಡಗಿಮನ್ಯಾಗ ಬಾ ಅಂತೀರೇನು?"

"ಫಕೀರವ್ವ, ನಿನ್ನ ತಂಗಿ ಅಂತ ಮಾತಾಡಾಕತ್ತಿ. ಹಿಂದ ಎಷ್ಟು ಮಂದೀದು ಬಿಟ್ಟಿ, ಆಗ ಬಾಯಿ ಬರಲಿಲ್ಲ."

ನಾನು ಮತ್ತೆ ಬಾಗಿಲಿಗೆ ಸರಿದೆ. ಬರುವ ಅಮಾವಾಸ್ಯೆಯ ಬೆಳಗಿನಿಂದ ಆ ಹೊಲ ಕರೆಯುವಂತಿಲ್ಲ, ಕರೆದರೆ ಕೆಲಸ ಹೋಗುತ್ತದೆ, ನಾನು ಹೇಳುವಾಗ ಪಕ್ಕದಲ್ಲಿ ನಿಂತು ಕೇಳಲು ಪುರಸಭೆಯ ದಫೇದಾರ ಹುಚ್ಚೀರಪ್ಪ ಬರುತ್ತಾನೆ ಎಂದು ಠರಾವಾಯಿತು. ಕೆಲಸದ ಮಾತು ಹಾಗಿರಲಿ, ನಾನು ಹಟ ಮಾಡಿ ಆ ಹೊಲ ಕರೆದರೆ ಕೊನೆಯಲ್ಲಿ ಇನ್ಯಾರದೋ ಓಣಿ ಹೊತ್ತು ಮೀರಿ ಉಳಿದುಹೋಗುತ್ತದೆ. ಮರುದಿನ ಬೇರೆ ಒಬ್ಬಳನ್ನು ಏರಿಯ ಮೇಲೆ ನಿಲ್ಲಿಸುತ್ತಾರೆ, ಅವಳು ಹಾಲವ್ವನ ಹೊಲದ ಹೆಸರನ್ನೇ ಕಲಿಯುವುದಿಲ್ಲ.

ಸುದ್ದಿಯನ್ನು ನಾನೇ ಹೋಗಿ ಹೇಳಿದೆ. ಹಾಲವ್ವ ಒಲೆಯ ಮುಂದೆ ಕೂತಿದ್ದವಳು ಹಾಗೇ ಕೂತಳು, ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಕಾಳವ್ವ ಮಾತ್ರ ಎಲೆಯಡಿಕೆ ಉಗುಳಿ ಬಂದು ನನ್ನೆದುರು ಕುಕ್ಕರಗಾಲಿನಲ್ಲಿ ಕೂತು, "ಹೆಣ ಹೂತ ಜಾಗ ಬಿಡಾಂಗಿಲ್ಲಲ್ಲ?" ಎಂದು ಕೇಳಿದಳು.

ಬಿಡುವಂತಿಲ್ಲ, ಅದು ಎಲ್ಲರಿಗೂ ಗೊತ್ತು. ನನ್ನ ಅವ್ವನ ಅವ್ವನ ಕಾಲದಲ್ಲಿ ಒಮ್ಮೆ, ಸತ್ತವರಿಗೆ ನೆಲ ಯಾಕೆ ಎಂದು ಆಗಿನ ಹಿರಿಯರು ಪಡುವಣ ದಿಕ್ಕಿನ ಸ್ಮಶಾನವನ್ನು ಬಿಡಿಸಿದರು. ಸಂಜೆಯ ಹೊತ್ತಿಗೆ ನೆಲ ಬೆಳ್ಳಗಾಗಿ ಬಿರಿಯಿತು, ಹೂತವರೆಲ್ಲ ಮೇಲೆ ಬಂದರು. ಹೂತ ದಿನ ಹೇಗಿದ್ದರೋ ಹಾಗೆಯೇ, ಅದೇ ಮುಖ. ಮರುಮದುವೆಯಾಗಿ ಮೊಮ್ಮಕ್ಕಳನ್ನು ಕಂಡವಳೊಬ್ಬಳ ಮುಂದೆ ಅವಳ ಮೊದಲ ಗಂಡ ಇಪ್ಪತ್ತರ ಪ್ರಾಯದಲ್ಲಿ ಮಲಗಿದ್ದ. ಎಳೆಗೂಸುಗಳು ಸಹ. ಊರಿಗೆ ಊರೇ ಒಲೆ ಹಚ್ಚದೆ ಹೊಸ ಜಾಗದಲ್ಲಿ ಹೂಳುತ್ತ ಕೂತಿತು. ಅವತ್ತಿನಿಂದ ನಾವು ಸ್ಮಶಾನದಿಂದಲೇ ಹೇಳಲು ಶುರು ಮಾಡುತ್ತೇವೆ. ಸತ್ತವರು ತಮ್ಮವರ ಜೊತೆಗೇ ಮಲಗಬೇಕೆಂದು ಎಲ್ಲರನ್ನೂ ಅಲ್ಲಿಯೇ ಹೂಳುವುದು ನಮ್ಮ ರೂಢಿ. ಹೊಲದಲ್ಲಿ ಹೂಳುವುದು ಯಾರಿಗೂ ಹೊಳೆದಿರಲಿಲ್ಲ.

ಕಾಳವ್ವನಿಗೆ ಹೊಳೆಯಿತು. "ನಾ ಅಮಾಸಿಗಿಂತ ಮೊದ್ಲ ಸತ್ರ ಹೊಲದಾಗ ಹೂಳ್ರಿ. ಆಮ್ಯಾಲೆ ಯಾವ ಗೌಡ ಬಿಡಿಸ್ತಾನ ನೋಡ್ತೀನಿ."

"ಅತ್ತಿ, ಬಾಯಿ ಮುಚ್ಚು," ಎಂದಳು ಹಾಲವ್ವ.

"ಮುಚ್ಚತೀನೇಳ. ಉಣ್ಣಾಕೂ ತೆಗಿಯಾಂಗಿಲ್ಲ."

ತಮಾಷೆಗೆ ಅಂದಳು ಎಂದುಕೊಂಡೆವು. ಮರುದಿನ ಮುದುಕಿ ತನ್ನ ಹೊರಸನ್ನು ಹೊಲಕ್ಕೆ ಹೊರಿಸಿಕೊಂಡು ಹೋಗಿ, ಬೇವಿನ ಮರದ ಕೆಳಗೆ ಹಾಕಿಸಿ, ಕೌದಿ ಹೊದ್ದು ಮಲಗಿಬಿಟ್ಟಳು. ನೀರು ಕುಡಿಯುತ್ತಿದ್ದಳು, ಅನ್ನ ಮುಟ್ಟಲಿಲ್ಲ. ಹಾಲವ್ವ ದಿನಾ ಬುತ್ತಿ ಕಟ್ಟಿಕೊಂಡು ಹೋಗುವುದು, ಬೈಯುವುದು, ಅಳುವುದು, ಬುತ್ತಿಯನ್ನು ಹಾಗೇ ತಿರುಗಿ ತರುವುದು. ಒಂದು ದಿನ ಸಿಟ್ಟಿನಲ್ಲಿ ರೊಟ್ಟಿಯನ್ನು ಅವಳ ಬಾಯಿಗೆ ತುರುಕಲು ಹೋಗಿ ಕೈ ಕಚ್ಚಿಸಿಕೊಂಡಳು.

ನಾನು ಮಧ್ಯಾಹ್ನ ಹೋಗಿ ಹೊರಸಿನ ತುದಿಗೆ ಕೂತೆ. ಜೋಳ ತೆನೆ ಕಟ್ಟಿತ್ತು, ಗಾಳಿಗೆ ಸಪ್ಪಳ ಮಾಡುತ್ತಿತ್ತು. ಕಾಳವ್ವನ ಕೆನ್ನೆ ಒಳಗೆ ಹೋಗಿದ್ದವು, ಕಣ್ಣು ಮಾತ್ರ ಚುರುಕಾಗಿಯೇ ಇದ್ದವು.

"ಸಾಯೋದು ಇಷ್ಟು ಕಷ್ಟ ಅಂತ ಗೊತ್ತಿದ್ರ ಮೊದ್ಲ ಶುರು ಮಾಡ್ತಿದ್ನವ್ವಾ ಫಕೀರಿ," ಎಂದಳು. "ಹಾಳಾದ ಜೀವ ಹೋಗವಲ್ದು. ಎಳೇದಿದ್ದಾಗ ಎಮ್ಮಿ ಹಾಲು ಕುಡದ ಮೈ ಇದು."

"ಉಣ್ಣು ಅತ್ತಿ. ಹೊಲ ಹೋದ್ರ ನನ್ನ ಮನಿ ಐತಿ."

"ನಿನ್ನ ಮನ್ಯಾಗ ಹಾಲಿ ಎಷ್ಟು ದಿನ ಇದ್ದಾಳು? ಬ್ಯಾರೆಯವರ ಒಲಿ ಮುಂದ ಕುಂತ ಹೆಣ್ಣಿನ ಕಣ್ಣು ಹ್ಯಾಂಗಿರ್ತಾವ, ನಾ ನೋಡೀನಿ." ಸೊಸೆ ದೂರದಲ್ಲಿ ಕಳೆ ಕೀಳುತ್ತಿರುವುದನ್ನು ನೋಡಿ ದನಿ ಇಳಿಸಿದಳು. "ಆಕಿಗೆ ನಾ ಒಂದು ಛಲೋ ಮಾತು ಆಡಿದಾಕಿ ಅಲ್ಲ. ಇದೊಂದು ಕೊಟ್ಟು ಹೋಗ್ತೀನಿ ಬಿಡು."

ನನಗೆ ಅಳು ತಡೆಯಲಾಗಲಿಲ್ಲ. ಮುದುಕಿ ನನ್ನ ಬೆನ್ನಿಗೆ ಒಂದು ಗುದ್ದಿ, "ಏ, ಇನ್ನೂ ಸತ್ತಿಲ್ಲ, ಆಮ್ಯಾಲೆ ಅಳು" ಎಂದಳು.

ಅಮಾವಾಸ್ಯೆ ಬಂತು, ಅವಳಿಗೆ ಸಾವು ಬರಲಿಲ್ಲ. ಹಿಂದಿನ ಸಂಜೆ ಹಾಲವ್ವ ಬಂದು ನನ್ನ ಕೈ ಹಿಡಿದು, "ಅಕ್ಕಾ, ಉಸಿರು ಸಣ್ಣಗಾಗೇತಿ, ಆದ್ರ ಹಟ ಬಿಡವಲ್ಲಳು. ನಂಗ ಹೊಲ ಬ್ಯಾಡ. ಆಕಿ ಬೇಕು. ಬೈಯಾಕರ ಒಬ್ಬಾಕಿ ಇರಬೇಕಲ್ಲ ಮನ್ಯಾಗ," ಎಂದಳು. ಅತ್ತೆಗೆ ಹಾಗೆಯೇ ಹೇಳು ಎಂದೆ. ಹೇಳುತ್ತೇನೆ ಎಂದು ಹೋದಳು.

ನಸುಕಿನಲ್ಲಿ ನಾನು ಏರಿ ಹತ್ತಿದಾಗ ಹುಚ್ಚೀರಪ್ಪ ಮಫ್ಲರ್ ಸುತ್ತಿಕೊಂಡು ಬಂದು ನಿಂತಿದ್ದ. ಅವನು ಕೆಟ್ಟವನಲ್ಲ. ಹೇಳಿದ್ದು ಮಾಡುವವನು, ಅಷ್ಟೆ. ಅಂಗೈಯ ಗೆರೆ ಕಂಡಿತು, ಶುರು ಮಾಡಿದೆ. ಸ್ಮಶಾನ, ಹುಣಸಿ ತೋಪು, ಗಿರಣಿ ಸುಟ್ಟ ಜಾಗ. ನಾಲಿಗೆ ತನ್ನ ಪಾಡಿಗೆ ತಾನು ಓಡುತ್ತಿತ್ತು, ನನ್ನ ಮನಸ್ಸೆಲ್ಲ ಬೇವಿನ ಮರದ ಕೆಳಗಿತ್ತು. ಈಗ ಹೊಲ ಬಿಟ್ಟರೆ ಮುದುಕಿ ಉಪವಾಸ ಬಿದ್ದದ್ದು ವ್ಯರ್ಥ. ಅಷ್ಟಾದರೂ ಅವಳು ಹಟ ಬಿಟ್ಟು ಉಣ್ಣುತ್ತಾಳೆಂದು ಏನು ನೆಚ್ಚಿಗೆ? ಸವಳಿನ ಮೇಲೆಯೇ ಮಲಗಿ ಸಾಯುವ ಹೆಂಗಸು ಅವಳು. ಬಿಡದೆ ಹೇಳಿದರೆ ಹುಚ್ಚೀರಪ್ಪ ಕೇಳುತ್ತಿದ್ದಾನೆ. ಸಾಹೇಬ ಬಿದ್ದ ಬಾವಿ, ಬರದಾಗ ಮಾರಿದ ಮಡಿ, ಅತ್ತಿ ಸೊಸಿ ಬದು.

ಆಗ ನನಗೊಂದು ಉಪಾಯ ಹೊಳೆಯಿತು. ಗೋರಿಯಿದೆ ಎಂದರೆ ಸಾಕಲ್ಲ! ಹೆಣ ಹೂತ ಜಾಗ ಯಾರೂ ಬಿಡಿಸುವಂತಿಲ್ಲ, ಯಾರೂ ಅಗೆದು ನೋಡುವುದೂ ಇಲ್ಲ. ಮುದುಕಿಯನ್ನು ನನ್ನ ಮನೆಯ ಒಳಕೋಣೆಯಲ್ಲಿ ಇಟ್ಟು ಗಂಜಿ ಕುಡಿಸಿದರೆ ಹೊಲವೂ ಉಳಿಯಿತು, ಅವಳೂ ಉಳಿದಳು. ನನ್ನ ಜಾಣತನಕ್ಕೆ ನನಗೇ ಹಿಗ್ಗಾಯಿತು.

"ಎಮ್ಮಿ ಮುಳುಗಿದ ಹೊಲ, ಕಾಳವ್ವನ ಗೋರಿ," ಎಂದು ಕೂಗಿದೆ.

ಹುಚ್ಚೀರಪ್ಪ ಬೆಚ್ಚಿ ಮಫ್ಲರ್ ತೆಗೆದು ತಲೆಬಾಗಿದ. ನಾನು ನಿಲ್ಲಿಸದೆ ಮುಂದೆ ಹೋದೆ. ದಿನಾ ಮಾಡಲಾಗದಂಥ ಅವಸರದಲ್ಲಿ ಗೌಡರ ಬಡಾವಣೆಯ ಅಡ್ಡರಸ್ತೆಗಳನ್ನು ಒಂದೇ ಉಸಿರಿಗೆ ಹೇಳಿ, ಕಬ್ಬಿನ ತೋಟ ಎಂದು ಬಾಯಿ ಮುಚ್ಚುವುದಕ್ಕೂ ಟಾಕಿಯ ಮೇಲೆ ಬಿಸಿಲು ಬೀಳುವುದಕ್ಕೂ ಸರಿಹೋಯಿತು.

"ಯಾವಾಗ ಹೋದಳವ್ವಾ?" ಎಂದ ಹುಚ್ಚೀರಪ್ಪ.

"ಈಗ," ಎಂದೆ.

ಅವನು ಪುರಸಭೆಯ ಕಡೆಗೆ ಓಡಿದ, ನಾನು ಹೊಲದ ಕಡೆಗೆ. ದಾರಿಯುದ್ದಕ್ಕೂ ಮುದುಕಿಗೆ ಹೇಗೆ ಹೇಳಲಿ, ಅವಳು ಹೇಗೆ ನಕ್ಕಾಳು ಎಂದೇ ಎಣಿಸುತ್ತಿದ್ದೆ. ಬದು ಹತ್ತಿದಾಗ ಹಾಲವ್ವ ಬೇವಿನ ಮರದ ಕೆಳಗೆ ಕೂತಿದ್ದಳು. ಕೈಯಲ್ಲಿ ತೊಳೆದ ತಂಬಿಗೆ, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಖಾಲಿ ಹೊರಸು ಒಂದು ಕಡೆ ವಾಲಿಕೊಂಡಿತ್ತು. ಅದರ ಎರಡು ಕಾಲು ಒಂದು ಗೋರಿಯ ಮೇಲಿದ್ದವು. ಹೊಸ ಮಣ್ಣಲ್ಲ, ಹಳೆಯದು. ಮಳೆಗೆ ಕುಗ್ಗಿ, ಮೇಲೆ ಕರಿಕೆ ಹುಲ್ಲು ಬೆಳೆದು, ಎಷ್ಟೋ ವರ್ಷದಿಂದ ಅಲ್ಲಿಯೇ ಇದ್ದಂಥ ಗೋರಿ.

"ಅಕ್ಕಾ," ಎಂದಳು ಹಾಲವ್ವ. ಅವಳ ದನಿ ಬಹಳ ಸಣ್ಣಗಿತ್ತು. "ಉಂಡಳು. ನಂಗ ಹೊಲ ಬ್ಯಾಡ, ನೀ ಬೇಕು ಅಂದ್ನಿ. ನಿಂಗ ಬುದ್ಧಿಯಿಲ್ಲ ಅಂತ ಬೈದಳು. ಬೈದು, ಅಂಬಲಿ ತಾ ಅಂದಳು. ತಂಬಿಗಿ ತುಂಬ ಕುಡದು, ಇನ್ನಷ್ಟು ಐತೇನು ಅಂದಳು. ನಾ ತಂಬಿಗಿ ತೊಳಕೊಂಡು ಬರೋದ್ರಾಗ..."

ನಾನು ಕೌದಿ ಮುಟ್ಟಿದೆ. ಇನ್ನೂ ಬೆಚ್ಚಗಿತ್ತು. ಇಲ್ಲದ್ದನ್ನ ಬಾಯಾಗ ತರಬ್ಯಾಡ ಎಂದ ಅವ್ವನ ಮಾತು ಆಗ ತಿಳಿಯಿತು.

ಹೇಳದೆ ಇರಲು ಆಗಲಿಲ್ಲ, ಹೇಳಿದೆ. ಏರಿಯ ಮೇಲೆ ನಾನು ಏನು ಕೂಗಿದೆ, ಯಾಕೆ ಕೂಗಿದೆ ಎಲ್ಲವನ್ನೂ. ಹಾಲವ್ವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಾಗುತ್ತಿತ್ತು. ಹೊಲದ ಗುಡಿಸಲಿನಿಂದ ಸಲಿಕೆ ತಂದು ಅಗೆಯಲು ನಿಂತಳು, ನಾನು ಗುದ್ದಲಿ ಹಿಡಿದೆ. ನೆಲ ಕಲ್ಲಾಗಿತ್ತು, ಗುದ್ದಲಿ ಚಿಮ್ಮಿ ಚಿಮ್ಮಿ ಬರುತ್ತಿತ್ತು. ಅಷ್ಟರಲ್ಲಿ ಅಂದಾನಗೌಡರು ನಾಲ್ಕು ಮಂದಿ ಕಟ್ಟಿಕೊಂಡು ಹಾರ ಹಿಡಿದು ಬಂದರು. ನಾವು ಹೇಳಿದ್ದನ್ನು ಅಳುವವರ ಮಾತೆಂದು ಬದಿಗಿಟ್ಟು, ಗೋರಿಗೆ ಕೈಮುಗಿದು, "ಇರ್ಲಿ ಬಿಡ್ರಿ. ಹೆಣ ಅಂದ ಮ್ಯಾಲೆ ಪುರಸಭೆಯವರು ಮನಷಾರಲ್ಲೇನು? ಬ್ಯಾರೆ ಯಾರದಾರ ನೋಡೋಣಂತ. ಈ ಹೊಲ ಇನ್ನ ಬಿಡಾಂಗಿಲ್ಲ ಫಕೀರವ್ವ. ಬಿಟ್ರ ಏನಾಗತೇತಿ ಅಂತ ನಿಂಗ ಗೊತ್ತೈತಿ," ಎಂದು ನನ್ನ ಕೈಯಿಂದ ಗುದ್ದಲಿ ತೆಗೆಸಿದರು.

ಅವರೆಲ್ಲ ಹೋದ ಮೇಲೆ ಹಾಲವ್ವ ಗೋರಿಗೆ ಕಿವಿ ಹಚ್ಚಿ ಮಲಗಿದಳು. ಎಷ್ಟೋ ಹೊತ್ತಿನ ಮೇಲೆ ತಲೆ ಎತ್ತದೆಯೇ ಕೇಳಿದಳು. "ಬಿಟ್ರ ಮ್ಯಾಲೆ ಬರ್ತಾರಲ್ಲ, ಹೂತ ದಿನ ಹ್ಯಾಂಗಿದ್ರೋ ಹಂಗ?"

"ಹೂಂ."

"ಅತ್ತಿ ಹೂಳೂವಾಗ ಜೀವ ಇತ್ತು."

ನಾನು ಗೌಡರ ಹಾರವನ್ನು ಗೋರಿಯಿಂದ ತೆಗೆದು ಬದಿಗೆ ಎಸೆದೆ.

"ನಾಳೆ ಬಿಟ್ಟಬಿಡು ಅಕ್ಕಾ. ಹೊಲ ಹೋಗ್ಲಿ. ನಾ ಅಂಬಲಿ ಕಾಯಿಸಿ ಇಟ್ಟಿರ್ತೀನಿ."

ಮರುದಿನ ಏರಿಯ ಮೇಲೆ ಅತ್ತಿ ಸೊಸಿ ಬದು ಎಂದವಳು ನೇರವಾಗಿ ಅದರಾಚೆಯ ಹಳ್ಳಕ್ಕೆ ಹಾರಿದೆ. ಹುಚ್ಚೀರಪ್ಪ ಆ ದಿನ ಬಂದಿರಲಿಲ್ಲ, ಬರುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಮುಗಿಸಿ ಹೊಲಕ್ಕೆ ಹೋಗಿ ತಂಗಿಯ ಪಕ್ಕದಲ್ಲಿ ಕೂತೆ. ಅವಳು ಮೂರು ಕಲ್ಲು ಹೂಡಿ ಗಡಿಗೆ ಇಟ್ಟಿದ್ದಳು, ಹೊಸ ಸೀರೆಯೊಂದನ್ನು ಮಡಚಿ ತಂದಿದ್ದಳು. ಬಿಸಿಲು ಏರಿದಂತೆ ಬದುವಿನ ಕಡೆಯಿಂದ ಬಿಳುಪು ಬರತೊಡಗಿತು. ತೆನೆ ಹೊತ್ತ ಜೋಳ ಸಾಲು ಸಾಲಾಗಿ ಬೆಳ್ಳಗಾಗಿ ಒಣಗಿ ನಿಂತಿತು, ಕುಸುಬೆ ಮುರಿದು ಬಿತ್ತು, ಬೇವಿನ ಎಲೆ ನಮ್ಮ ತಲೆಯ ಮೇಲೆಯೇ ಉದುರಿತು. ಹಾಲವ್ವ ಅದರ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಕಣ್ಣು ಗೋರಿಯ ಮೇಲೆಯೇ ಇತ್ತು. ಇಳಿಹೊತ್ತಿಗೆ ಗೋರಿ ಬಿರಿಯಿತು, ಕಾಳವ್ವ ಮೇಲೆ ಬಂದಳು.

ಮುಖ ಹಾಗೆಯೇ ಇತ್ತು. ಹುಬ್ಬು ಗಂಟಿಕ್ಕಿ, ಯಾರನ್ನೋ ಬೈಯಲು ಬಾಯಿ ತೆರೆದವಳಂತೆ. ತುಟಿಯ ಅಂಚಿನಲ್ಲಿ ಅಂಬಲಿ ಇನ್ನೂ ಹಸಿಯಾಗಿತ್ತು. ಹಾಲವ್ವ ಅವಳನ್ನು ತೊಡೆಯ ಮೇಲೆ ಎಳೆದುಕೊಂಡು ಕೆನ್ನೆ ತಟ್ಟಿದಳು, ಅತ್ತಿ ಅತ್ತಿ ಎಂದು ಕರೆದಳು, ಬೈದಳು, ಎದೆಗೆ ಕಿವಿ ಇಟ್ಟಳು. ನಾನು ಅಂಗಾಲು ತಿಕ್ಕಿದೆ. ಎಷ್ಟು ತಿಕ್ಕಿದರೂ ಬರೀ ಉಪ್ಪು ಉದುರುತ್ತಿತ್ತು. ಆಮೇಲೆ ಹಾಲವ್ವ ಸೆರಗಿನಿಂದ ಅತ್ತೆಯ ಮುಖದ ಉಪ್ಪು ಒರೆಸಿ, "ಗಡಿಗ್ಯಾಗ ಅಂಬಲಿ ಹಂಗ ಐತಿ," ಎಂದಳು, ನನಗೋ ಅವಳಿಗೋ ತಿಳಿಯಲಿಲ್ಲ.

ಕಾಳವ್ವನನ್ನು ಊರ ಸ್ಮಶಾನದಲ್ಲಿ, ಮಗನ ಪಕ್ಕದಲ್ಲಿ ಹೂತೆವು. ಹಾಲವ್ವ ಈಗ ನನ್ನ ಮನೆಯಲ್ಲಿದ್ದಾಳೆ. ಒಲೆಯ ಮುಂದೆ ಕೂತಾಗ ಅವಳ ಕಣ್ಣು ಹೇಗಿರುತ್ತವೆ ಎಂದು ಮುದುಕಿ ಹೇಳಿದ್ದು ಸುಳ್ಳಾಗಲಿಲ್ಲ. ನನ್ನ ಕೆಲಸ ಹೋಗಲಿಲ್ಲ. ಹೆಣವಿಲ್ಲದ ಸವಳನ್ನು ಕರೆಯುವ ಅಗತ್ಯವಿಲ್ಲವಲ್ಲ, ಗೌಡರ ಬಡಾವಣೆಗೆ ಬೇಕಾದ ಹೊತ್ತು ಸಿಕ್ಕಂತಾಯಿತು. ಎಲ್ಲರಿಗೂ ಅನುಕೂಲವೇ ಆಯಿತು.

ದಿನಾ ನಸುಕಿನಲ್ಲಿ ಹಾಲವ್ವ ನನ್ನ ಜೊತೆಗೇ ಎದ್ದು ಬಂದು ಏರಿಯ ಕೆಳಗೆ ಕೂರುತ್ತಾಳೆ. ನಾನು ಅತ್ತಿ ಸೊಸಿ ಬದು ಎನ್ನುತ್ತೇನೆ. ಎಂದ ಮೇಲೆ ಬಾಯಿ ನಿಲ್ಲುತ್ತದೆ. ಮೊದಮೊದಲು ತಾನಾಗಿ ನಿಲ್ಲುತ್ತಿತ್ತು, ಈಗ ನಾನೇ ನಿಲ್ಲಿಸುತ್ತೇನೆ. ಆ ಹೊಲ ಕರೆಯಲು ಎಷ್ಟು ಹೊತ್ತು ಬೇಕಿತ್ತೋ ಅಷ್ಟು ಹೊತ್ತು ಸುಮ್ಮನೆ ನಿಂತು ಆಮೇಲೆ ಹಳ್ಳಕ್ಕೆ ಹೋಗುತ್ತೇನೆ. ಕೊನೆಗೆ ಕಬ್ಬಿನ ತೋಟಕ್ಕೆ ಬರುವ ಹೊತ್ತಿಗೆ ಟಾಕಿಯ ಮೇಲೆ ಬಿಸಿಲು ಬಿದ್ದಿರುತ್ತದೆ, ಹೆಸರು ಅರ್ಧ ಬಾಯಲ್ಲೇ ಉಳಿಯುತ್ತದೆ. ಅರ್ಧ ಕರೆದದ್ದಕ್ಕೆ ತೋಟದ ಅಂಚು ದಿನಕ್ಕಿಷ್ಟು ಬೆಳ್ಳಗಾಗುತ್ತಿದೆಯಂತೆ.

ನಿನ್ನೆ ಗೌಡರೇ ಮನೆಯ ತನಕ ಬಂದಿದ್ದರು. ಕಟ್ಟೆಯ ಮೇಲೆ ಕೂತು, "ಫಕೀರವ್ವ, ಒಂಚೂರು ಲಗೂ ಹೇಳಬೇಕವ್ವಾ," ಎಂದರು. ದನಿ ಮೆತ್ತಗಿತ್ತು.

"ವಯಸ್ಸಾತ್ರೀ ಗೌಡ್ರ. ದಮ್ಮು ಹತ್ತತೇತಿ."

"ಮತ್ತ್ಯಾರಿಗಾರ ಕಲಸು."

"ಕಲಸ್ತೀನ್ರೀ. ಆದ್ರ ಕಲಿಯಾಕ ಬಾಳ ದಿನ ಬೇಕು."

ಹಾಲವ್ವ ಒಳಗಿನಿಂದ ಬಂದಳು. ತಂಬಿಗೆ ತುಂಬ ಅಂಬಲಿ ತಂದು ಅವರ ಮುಂದಿಟ್ಟು, "ಕುಡೀರಿ," ಎಂದು ಅಲ್ಲೇ ನಿಂತಳು. ಗೌಡರು ತಂಬಿಗೆ ನೋಡಿದರು, ಅವಳ ಮುಖ ನೋಡಿದರು, ಚಪ್ಪಲಿ ಮೆಟ್ಟಿ ಎದ್ದು ಹೋದರು. ಹಾಲವ್ವ ತಂಬಿಗೆಯನ್ನು ಒಳಗೆ ಒಯ್ದು ಮುಚ್ಚಿಟ್ಟಳು.

ಇವತ್ತು ಬೆಳಿಗ್ಗೆಯೂ ಬದು ಹೇಳಿ ನಿಂತೆ. ಕೆಳಗಿನಿಂದ ಹಾಲವ್ವ ನನ್ನನ್ನೇ ನೋಡುತ್ತಿದ್ದಳು. ಅವಳು ಕಣ್ಣು ಕೆಳಗೆ ಮಾಡುವ ತನಕ ನಾನು ಬಾಯಿ ತೆರೆಯಲಿಲ್ಲ.